ದಣಿಸಿದರೆ ಸಾಲದು, ತಣಿಸಬೇಕು

ನಾಯಿ ಸಾಕಿದವರ ಪತ್ರಗಳು ಈ ಸಲ ತುಂಬಾ ಬಂದಿವೆ. ಬಹಳಷ್ಟರಲ್ಲಿ ಒಂದೇ ಗೋಳು: ಎಷ್ಟು ಓಡಿಸಿದರೂ ನಮ್ಮ ನಾಯಿ ಸುಮ್ಮನೆ ಕೂರುವುದಿಲ್ಲ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಉಳಿದವರಿಗೆ ಬೇಕಾದ್ದೂ ಅದರಲ್ಲೇ ಇದೆ.

ಪ್ರಶ್ನೆ: ನಮ್ಮ ಮನೆಯಲ್ಲಿ 14 ತಿಂಗಳ ಲ್ಯಾಬ್ರಡಾರ್ ಇದ್ದಾನೆ, ಹೆಸರು ಬ್ರೂನೋ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ಹೊರಗೆ ಕರೆದುಕೊಂಡು ಹೋಗುತ್ತೇವೆ. ಸಂಜೆ ಮೈದಾನದಲ್ಲಿ ನಲವತ್ತು ಐವತ್ತು ಸಲ ಬಾಲ್ ಎಸೆಯುತ್ತೇನೆ. ದಾರಿಯಲ್ಲಿ ಕಂಬ ಕಂಬಕ್ಕೂ ನಿಂತು ಮೂಸುತ್ತಾನೆ, ಎಳೆದುಕೊಂಡೇ ಮುಂದೆ ಹೋಗಬೇಕು. ಇಷ್ಟಾದರೂ ಮನೆಗೆ ಬಂದ ಮೇಲೆ ಸೋಫಾ ಹತ್ತಿ ಹಾರುತ್ತಾನೆ, ಚಪ್ಪಲಿ ಕಚ್ಚುತ್ತಾನೆ, ರಾತ್ರಿ ಹತ್ತು ಗಂಟೆಗೆ ಮನೆ ತುಂಬಾ ಹುಚ್ಚು ಹಿಡಿದ ಹಾಗೆ ಓಡುತ್ತಾನೆ. ಓಡಿಸುವುದು ಸಾಲುತ್ತಿಲ್ಲ, ಮೂರು ಗಂಟೆ ಮಾಡೋಣ ಅಂತ ನಮ್ಮ ಯಜಮಾನರು ಹೇಳುತ್ತಾರೆ. ನನಗೆ ಸಾಕಾಗಿ ಹೋಗಿದೆ.

ಉತ್ತರ: ಮೊದಲು ಒಂದು ಮಾತು. ನೀವು ಕಡಿಮೆ ಏನೂ ಮಾಡುತ್ತಿಲ್ಲ. ದಿನಕ್ಕೆ ಎರಡು ಗಂಟೆ ಹತ್ತಿರ ಹತ್ತಿರ ಹೊರಗೆ ಕರೆದೊಯ್ಯುವ ಮನೆ ಸಿಕ್ಕಿದ್ದು ಬ್ರೂನೋ ಪುಣ್ಯ. ದಯವಿಟ್ಟು ಇದನ್ನು ಮೂರು ಗಂಟೆ ಮಾಡಬೇಡಿ. ಮೂರು ಗಂಟೆ ಓಡಿಸಿದರೆ ಒಂದೆರಡು ವಾರ ಬೇಗ ಮಲಗುತ್ತಾನೆ, ನಿಜ. ಆಮೇಲೆ ಅವನ ಉಸಿರು, ಕಾಲು ಎಲ್ಲ ಗಟ್ಟಿಯಾಗಿ ಆ ಮೂರು ಗಂಟೆಯೂ ಅವನಿಗೆ ಯಾವ ಲೆಕ್ಕಕ್ಕೂ ಇಲ್ಲ ಅನ್ನುವ ಹಾಗಾಗುತ್ತದೆ. ದಿನಾ ಓಡುವ ಮನುಷ್ಯರಿಗೂ ಹೀಗೇ ಅಲ್ವಾ? ಅವನ ಕಸುವು ಏರುತ್ತಾ ಹೋಗುತ್ತದೆ, ನಿಮ್ಮ ಸಮಯ ಏರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಕಂಬದ ಸಾಲು. ನಾಳೆ ಬೆಳಿಗ್ಗೆ ಒಂದು ಸಲ ಎಳೆಯದೆ, ಅವನ ಪಕ್ಕದಲ್ಲೇ ನಿಂತು ನೋಡಿ. ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮೂಗು ಗಾಳಿಯಲ್ಲಿ ಆಡಲು ಶುರುವಾಗುತ್ತದೆ. ಆಮೇಲೆ ಕಂಬದ ಬುಡಕ್ಕೆ ಮೂತಿ ಇಟ್ಟು ಸಣ್ಣ ಸಣ್ಣ ಉಸಿರು, ಸೆಕೆಂಡಿಗೆ ನಾಲ್ಕೈದು. ಬಿಟ್ಟ ಉಸಿರು ಮೂಗಿನ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದೆ, ಹೊಸ ವಾಸನೆಗೆ ಅಡ್ಡ ಬರುವುದಿಲ್ಲ. ನೆಲದಲ್ಲಿ ಧೂಳಿದ್ದರೆ ಎರಡೂ ಪಕ್ಕ ಅದು ಸಣ್ಣಗೆ ಏಳುವುದು ಕಣ್ಣಿಗೇ ಕಾಣುತ್ತದೆ. ಬಾಲ ನಿಧಾನವಾಗುತ್ತದೆ. ಹೆಸರು ಹಿಡಿದು ಕರೆದರೂ ಕೇಳಿಸುವುದಿಲ್ಲ, ಅಷ್ಟು ಮುಳುಗಿರುತ್ತಾನೆ. ಬುಡ ಮುಗಿಸಿ ಸ್ವಲ್ಪ ಮೇಲೆ, ಆಮೇಲೆ ಇನ್ನೊಂದು ಮಗ್ಗುಲು, ಕೊನೆಗೆ ತಾನೂ ನಾಲ್ಕು ತೊಟ್ಟು ಉಚ್ಚೆ ಹೊಯ್ದು, ಮೈ ಒಮ್ಮೆ ಕೊಡವಿಕೊಂಡು ತಾನಾಗೇ ಮುಂದೆ ಹೊರಡುತ್ತಾನೆ. ಇಷ್ಟಕ್ಕೆ ಒಂದು ನಿಮಿಷವೂ ಆಗಿರುವುದಿಲ್ಲ. ಅಷ್ಟರಲ್ಲಿ ಇಲ್ಲಿ ಯಾರು ಬಂದಿದ್ದರು, ಗಂಡೋ ಹೆಣ್ಣೋ, ಪರಿಚಯದ್ದೋ ಹೊಸದೋ ಅಂತ ಎಲ್ಲ ಓದಿಕೊಂಡಿರುತ್ತಾನೆ.

ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 50-60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ ಹತ್ತಾರು ಕೋಟಿ ಇರುತ್ತವೆ. ಅವನ ಪ್ರಪಂಚವೇ ಮೂಗು. ಅದಕ್ಕೆ ಕೆಲಸ ಕೊಡದೆ ಬರೀ ಕಾಲಿಗೆ ಕೆಲಸ ಕೊಟ್ಟರೆ ಮೈ ದಣಿಯುತ್ತದೆ, ತಲೆ ಹಸಿದೇ ಇರುತ್ತದೆ. ಆ ಹಸಿವೇ ಮನೆಗೆ ಬಂದು ಸೋಫಾ ಹತ್ತುವುದು. 2019ರಲ್ಲಿ ಶಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸಾಕು ನಾಯಿಗಳ ಒಂದು ಗುಂಪಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನೊಂದು ಗುಂಪಿಗೆ ಯಜಮಾನರ ಪಕ್ಕ ಅಂಟಿಕೊಂಡು ನಡೆಯುವ ಅಭ್ಯಾಸ. ಈ ಕಡೆ ಬಟ್ಟಲಿಟ್ಟರೆ ತಿನಿಸು ಇರುತ್ತದೆ, ಆ ಕಡೆ ಇಟ್ಟರೆ ಖಾಲಿ ಅಂತ ಮೊದಲೇ ಕಲಿಸಿ, ಬಟ್ಟಲನ್ನು ನಟ್ಟ ನಡುವೆ ಇಟ್ಟು ನೋಡಿದರು. ಎರಡು ವಾರ ಮೂಸಿ ಹುಡುಕಿದ ನಾಯಿಗಳು ಮೊದಲಿಗಿಂತ ಬೇಗ ಬಟ್ಟಲ ಹತ್ತಿರ ಹೋದವು. ಸಿಕ್ಕೀತು ಅನ್ನುವ ಭರವಸೆ ಹೆಚ್ಚಿತ್ತು. ಪಕ್ಕದಲ್ಲಿ ನಡೆದ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ.

ಇನ್ನು ಬಾಲ್. ಐವತ್ತು ಸಲ ಜಾಸ್ತಿಯಾಯಿತು. ಪ್ರತಿ ಎಸೆತಕ್ಕೂ ಪೂರ್ತಿ ವೇಗದ ಓಟ, ತಟ್ಟನೆ ಬ್ರೇಕ್, ಮೈ ತಿರುಚಿ ವಾಪಸ್. ಭುಜ, ಮಂಡಿ, ಬೆನ್ನು ಎಲ್ಲಕ್ಕೂ ಹೊಡೆತ. ಜೊತೆಗೆ ಅದೊಂದು ಅಮಲಿನ ಹಾಗೆ ತಲೆಗೇರುತ್ತದೆ. ಮನೆಗೆ ಬಂದ ಮೇಲೂ ಆ ಬಿಸಿ ಇಳಿದಿರುವುದಿಲ್ಲ. ನನ್ನ ಮೊದಲ ನಾಯಿಗೆ ನಾನೂ ಮೂರು ವರ್ಷ ದಿನಾ ಹೀಗೇ ಎಸೆದೆ. ಬಾಲ್ ಕಂಡರೆ ಅದರ ಕಣ್ಣೇ ಬೇರೆಯಾಗುತ್ತಿತ್ತು, ನಾಲಿಗೆ ಒಂದು ಗೇಣು ಹೊರಗೆ ಬಂದಿದ್ದರೂ ನೀರು ಕುಡಿಯಲು ಬರುತ್ತಿರಲಿಲ್ಲ. ಅದನ್ನೇ ಖುಷಿ ಅಂದುಕೊಂಡಿದ್ದೆ. ಐದು ವರ್ಷ ತುಂಬುವ ಹೊತ್ತಿಗೆ ಬಲಗಡೆ ಮುಂಗಾಲು ಕುಂಟಲು ಶುರುವಾಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಸಮಯ ಅಷ್ಟೇ ಇರಲಿ, ಒಳಗಿನದ್ದು ಬದಲಾಗಲಿ. ಬೆಳಗಿನ ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಅವನ ಮೂಗಿನದ್ದು. ಐದು ಮೀಟರ್ ಉದ್ದದ ಹಗ್ಗ ತನ್ನಿ, ಕುತ್ತಿಗೆ ಪಟ್ಟಿಗೆ ಬೇಡ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ವಾಹನ ಓಡಾಡದ ಕಡೆ ದಾರಿ ಅವನೇ ಆರಿಸಲಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಲಿ. ಉಳಿದ ಕಾಲು ಗಂಟೆ ನಿಮ್ಮದು, ಚುರುಕಾಗಿ ನಡೆಯಿರಿ. ಸಂಜೆ ಬಾಲ್ ಬೇಕೇ ಬೇಕಾದರೆ ಏಳೆಂಟು ಸಲ ಸಾಕು. ಅದರಲ್ಲೂ ಅರ್ಧ ಸಲ ಅವನನ್ನು ಕೂರಿಸಿ, ಹುಲ್ಲಿನಲ್ಲಿ ಬಾಲ್ ಬಚ್ಚಿಟ್ಟು ಬಂದು, ಆಮೇಲೆ ‘ಹುಡುಕು’ ಅಂತ ಬಿಡಿ. ಓಡಿ ಹಿಡಿಯುವುದಕ್ಕೂ ಮೂಸಿ ಹುಡುಕುವುದಕ್ಕೂ ಇರುವ ವ್ಯತ್ಯಾಸ ಅವನ ಮುಖದಲ್ಲೇ ಗೊತ್ತಾಗುತ್ತದೆ.

ಲ್ಯಾಬ್ರಡಾರ್‌ಗಳ ಪೂರ್ವಜರು ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ಬಲೆ ಎಳೆದು, ತಪ್ಪಿಸಿಕೊಂಡ ಮೀನು ಹಿಡಿದು ತರುತ್ತಿದ್ದ ನಾಯಿಗಳು. ಆಮೇಲೆ ಬ್ರಿಟನ್ನಿನಲ್ಲಿ ಬೇಟೆಗಾರರು ಹೊಡೆದ ಹಕ್ಕಿ ತರಲು ಇವನ್ನು ಬೆಳೆಸಿದರು. ಬಾಯಲ್ಲಿ ಹೊತ್ತು ತರುವುದು ಇವರ ರಕ್ತದಲ್ಲೇ ಇದೆ. ಚಪ್ಪಲಿ ಎತ್ತುವುದು ತುಂಟತನಕ್ಕಿಂತ ಜಾಸ್ತಿ ಕೆಲಸ ಇಲ್ಲದ ಬಾಯಿಯ ಚಡಪಡಿಕೆ. ಅವನಿಗೆ ಹೊರುವ ಕೆಲಸ ಕೊಡಿ. ವಾಕಿಂಗ್ ಮುಗಿಸಿ ಬರುವಾಗ ಒಂದು ಮೆತ್ತನೆ ಆಟಿಕೆ ಬಾಯಿಗೆ ಕೊಟ್ಟು ಮನೆ ತನಕ ಹೊತ್ತು ತರಲು ಕಲಿಸಿ. ಎಷ್ಟು ಗಂಭೀರವಾಗಿ ನಡೆದು ಬರುತ್ತಾನೆ ನೋಡಿ!

ಊಟವನ್ನೂ ಸುಮ್ನೆ ಬಟ್ಟಲಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಹಳೆ ಟವೆಲ್ ಒಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಅವನ ಡ್ರೈ ಫುಡ್ ಒಂದು ಹಿಡಿ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಕೊಡಿ. ಮೊದಲ ದಿನ ಸಡಿಲವಾಗಿ ಸುತ್ತಿ, ಮೂತಿಯಲ್ಲಿ ನೂಕಿದರೆ ಬಿಚ್ಚಿಕೊಳ್ಳಬೇಕು. ನಾಲ್ಕು ದಿನ ಬಿಟ್ಟು ಬಿಗಿಯಾಗಿ ಸುತ್ತಿ. ಆಮೇಲೆ ಒಂದು ಗಂಟು. ಬಟ್ಟೆ ಹರಿದು ನುಂಗುವ ನಾಯಿಯಾದರೆ ಮಾತ್ರ ಪಕ್ಕದಲ್ಲೇ ಇರಿ, ಇಲ್ಲವೇ ಹುಲ್ಲಿನ ಮೇಲೆ ಎರಚಿ ಹೆಕ್ಕಲು ಬಿಡಿ.

ಕೊನೆಗೆ ಆ ರಾತ್ರಿ ಹತ್ತು ಗಂಟೆಯ ಓಟ. ಎಳೆ ನಾಯಿಗಳು ಒಮ್ಮೊಮ್ಮೆ ಹೀಗೆ ಓಡುವುದು ಸಹಜ, ಹೆದರಬೇಡಿ. ಆದರೆ ದಿನಾ ಅದೇ ಹೊತ್ತಿಗೆ ಅಂದರೆ ನನಗೆ ಬೇರೆ ಅನುಮಾನ. ನಿದ್ದೆ ಸಾಲದ ಮಗು ಮಲಗುವ ಬದಲು ರಂಪ ಮಾಡುತ್ತದಲ್ಲ, ಇದೂ ಹಾಗೇ. ಬೆಳೆದ ನಾಯಿಗೆ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಬೇಕು. ಬಾಗಿಲ ಸದ್ದು, ಟಿವಿ, ಮಕ್ಕಳ ಓಡಾಟದ ನಡುವೆ ಬ್ರೂನೋಗೆ ಅಷ್ಟು ಸಿಗುತ್ತಿದೆಯಾ ಅಂತ ಒಂದು ದಿನ ಲೆಕ್ಕ ಹಾಕಿ. ಮನೆಯ ಒಂದು ಮೂಲೆಯಲ್ಲಿ ಅವನ ಹಾಸಿಗೆ ಹಾಕಿ. ಯಾರೂ ಹೇಳದೆ ತಾನಾಗಿ ಹೋಗಿ ಮಲಗಿದಾಗಲೆಲ್ಲ ಸದ್ದಿಲ್ಲದೆ ಹೋಗಿ ಮುಂಗಾಲುಗಳ ನಡುವೆ ಒಂದು ಚೂರು ತಿನಿಸು ಇಟ್ಟು ಬನ್ನಿ. ‘ಜಾಣ, ಬಂಗಾರ’ ಅಂತೆಲ್ಲ ಹೊಗಳಬೇಡಿ, ಎದ್ದು ಕುಣಿಯುತ್ತಾನೆ. ಸುಮ್ಮನೆ ಮಲಗಿದರೂ ಒಳ್ಳೆಯದಾಗುತ್ತದೆ ಅಂತ ಅವನಿಗೆ ತಿಳಿಯಬೇಕು. ಎಷ್ಟೋ ನಾಯಿಗಳಿಗೆ ಇದನ್ನು ಯಾರೂ ಕಲಿಸಿಯೇ ಇರುವುದಿಲ್ಲ.

ವಯಸ್ಸನ್ನೂ ನೆನಪಿಡಿ. 14 ತಿಂಗಳು ಅಂದರೆ ಇನ್ನೂ ಹರೆಯ. 2020ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 5 ತಿಂಗಳಲ್ಲಿ ‘ಕೂತ್ಕೋ’ ಅಂದರೆ ಕೂರುತ್ತಿದ್ದ ಮರಿಗಳು 8 ತಿಂಗಳಿಗೆ ಬಂದಾಗ ಸಾಕಿದವರ ಮಾತನ್ನೇ ಕಡಿಮೆ ಕೇಳಿದವು, ಹೊರಗಿನವರು ಹೇಳಿದರೆ ಹೆಚ್ಚು ಕೇಳಿದವು! ಇದು ದಾಟಿ ಹೋಗುತ್ತದೆ. ಹೊಸ ಕ್ರಮಕ್ಕೆ ಮೂರು ವಾರ ಕೊಡಿ. ಮೊದಲ ನಾಲ್ಕೈದು ದಿನ ಬಾಲ್‌ಗೆ ಹಟ ಮಾಡಿ ಬೊಗಳುತ್ತಾನೆ, ಸೋಲಬೇಡಿ. ಹೇಗಾಯಿತು ಅಂತ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ದಿನಾ 5 ಕಿಲೋಮೀಟರ್ ಓಡುತ್ತೇನೆ. ಜೊತೆಗಿರಲಿ ಅಂತಲೇ ಜರ್ಮನ್ ಶೆಫರ್ಡ್ ಮರಿ ತಂದೆ. ಈಗ 4 ತಿಂಗಳು. ಯಾವಾಗಿನಿಂದ ಓಡಿಸಬಹುದು?

ಉತ್ತರ: ಈಗಂತೂ ಬೇಡ. ಮರಿಯ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆತ್ತನೆ ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಚಿಕ್ಕ ತಳಿಗಳಲ್ಲಿ ಅದು ಒಂದು ವರ್ಷದೊಳಗೆ ಗಟ್ಟಿಯಾಗುತ್ತದೆ, ನಿಮ್ಮ ಮರಿಯಂಥ ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದ ತನಕವೂ ಹಿಡಿಯಬಹುದು. ಅಲ್ಲಿಯವರೆಗೆ ಗಟ್ಟಿ ರಸ್ತೆಯ ಮೇಲೆ ಒಂದೇ ಸಮನೆ ಓಡಿಸಬೇಡಿ.

‘ತಿಂಗಳಿಗೆ ಐದು ನಿಮಿಷ’ ಅನ್ನುವ ಲೆಕ್ಕ ನೀವೂ ಕೇಳಿರಬಹುದು, ಅಂದರೆ 4 ತಿಂಗಳ ಮರಿಗೆ 20 ನಿಮಿಷ. ಅದು ಯಾವ ಸಂಶೋಧನೆಯಿಂದಲೂ ಬಂದದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಹಗ್ಗ ಕಟ್ಟಿ ನಡೆಸುವುದಕ್ಕೆ ಒಂದು ಅಂದಾಜು ಅಂತ ಇಟ್ಟುಕೊಳ್ಳಿ, ಅಷ್ಟೇ. ಮರಿ ತಾನಾಗಿ ಹುಲ್ಲಿನ ಮೇಲೆ ಓಡಿ, ಬಿದ್ದು, ಎದ್ದು, ಸಾಕಾದಾಗ ಮಲಗುವ ಆಟಕ್ಕೆ ಗಡಿಯಾರ ಬೇಡ. ನಾರ್ವೆಯಲ್ಲಿ ದೊಡ್ಡ ತಳಿಯ ಮರಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳ ಒಳಗೆ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚು ಕಂಡಿತ್ತು. ಬಯಲಿನಲ್ಲಿ ಬಿಟ್ಟು ಬೆಳೆಸಿದವುಗಳಲ್ಲಿ ಕಡಿಮೆ. ಶೆಫರ್ಡ್‌ಗಳಿಗೆ ಈ ದೋಷ ಮೊದಲೇ ಜಾಸ್ತಿ, ಹಾಗಾಗಿ ಹೇಳಿದೆ.

ಈಗ ಅವನಿಗೆ ನಿಮ್ಮಿಂದ ಬೇಕಾದ್ದು ಬೇರೆ. ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು, ಸೈಕಲ್, ಮಕ್ಕಳ ಗಲಾಟೆ ಎಲ್ಲವನ್ನೂ ದೂರದಿಂದ ತೋರಿಸಿ, ಹೆದರದ ಹಾಗೆ. ಮರಿಗಳು ದಿನಕ್ಕೆ 18 ಗಂಟೆ ಮಲಗುತ್ತವೆ, ಮಲಗಲಿ. ಒಂದೂವರೆ ವರ್ಷವಾದ ಮೇಲೆ ವೈದ್ಯರಿಗೆ ಒಮ್ಮೆ ಸೊಂಟ, ಮೊಣಕೈ ತೋರಿಸಿ. ಅವರು ಸರಿ ಅಂದರೆ ಒಂದು ಕಿಲೋಮೀಟರಿನಿಂದ ಶುರು ಮಾಡಿ. ಒಳ್ಳೆಯ ಜೊತೆಗಾರ ಸಿಗುತ್ತಾನೆ, ಸ್ವಲ್ಪ ತಾಳ್ಮೆ ಬೇಕು.

ಪ್ರಶ್ನೆ: ನನಗೆ 68 ವರ್ಷ, ಮಂಡಿ ನೋವಿದೆ. ಮಗ ಕೆಲಸಕ್ಕೆ ದೂರ ಹೋದ, ಅವನ 3 ವರ್ಷದ ಬಾರ್ಡರ್ ಕೋಲಿ ಈಗ ನನ್ನ ಹತ್ತಿರ. ಹೆಸರು ಮಿನ್ನಿ. ತುಂಬಾ ಒಳ್ಳೆಯವಳು, ಆದರೆ ಒಂದು ನಿಮಿಷ ಸುಮ್ಮನಿರುವುದಿಲ್ಲ. ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಲು ನನ್ನ ಕೈಲಾಗದು. ಬೇರೆಯವರಿಗೆ ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಅಮ್ಮಾ, ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಮಿನ್ನಿಯ ತಳಿ ದಿನವಿಡೀ ಕುರಿ ಕಾಯುತ್ತಿದ್ದ ತಳಿ. ಓಟ ಬೇಕು, ಇಲ್ಲ ಅನ್ನುವುದಿಲ್ಲ. ಅದಕ್ಕೆ ಪರಿಚಯದ, ನಾಯಿ ಅಂದರೆ ಪ್ರಾಣ ಬಿಡುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತು ಮಾಡಿಕೊಳ್ಳಿ, ದಿನಕ್ಕೊಮ್ಮೆ ಒಂದು ಗಂಟೆ ಕರೆದೊಯ್ಯಲಿ. ಮೊದಲ ವಾರ ನೀವೂ ಬಾಗಿಲ ತನಕ ಬಂದು ಮಿನ್ನಿ ಅವರ ಜೊತೆ ಹೇಗಿರುತ್ತಾಳೆ ಅಂತ ನೋಡಿ.

ಉಳಿದ ಅರ್ಧ ಕೆಲಸ ನೀವು ಕುರ್ಚಿಯಲ್ಲಿ ಕೂತೇ ಮಾಡಬಹುದು. ಕುರಿ ಕಾಯುವಾಗ ಈ ನಾಯಿಗಳು ಕಾಲಿಗಿಂತ ಕಿವಿ, ಕಣ್ಣು ಜಾಸ್ತಿ ಬಳಸುತ್ತವೆ, ಒಂದೊಂದು ಸೀಟಿಗೂ ಒಂದೊಂದು ಅರ್ಥ. ಅಮೆರಿಕದ ಜಾನ್ ಪಿಲ್ಲಿ ಅನ್ನುವ ನಿವೃತ್ತ ಮೇಷ್ಟ್ರು ‘ಚೇಸರ್’ ಅನ್ನುವ ಬಾರ್ಡರ್ ಕೋಲಿಗೆ 1,022 ಆಟಿಕೆಗಳ ಹೆಸರು ಕಲಿಸಿದ್ದರು. ಚೇಸರ್ ಅವರ ಮನೆಗೆ ಬಂದಾಗ ಅವರಿಗೆ 75 ದಾಟಿತ್ತು. ನೀವು ಹತ್ತು ಹೆಸರು ಕಲಿಸಿ ಸಾಕು. ಒಂದು ಗೊಂಬೆ ಕೈಯಲ್ಲಿ ಹಿಡಿದು ‘ಮೊಲ’ ಅನ್ನಿ, ಮೂತಿ ಮುಟ್ಟಿಸಿದ ತಕ್ಷಣ ತಿನಿಸು. ಆಮೇಲೆ ಅದನ್ನು ನೆಲಕ್ಕಿಟ್ಟು ‘ಮೊಲ ತಾ’ ಅನ್ನಿ. ಅದು ಸರಿಯಾಗಿ ಬಂದ ಮೇಲೆಯೇ ಪಕ್ಕಕ್ಕೆ ಇನ್ನೊಂದು ಗೊಂಬೆ ಇಡುವುದು. ಎರಡರ ನಡುವೆ ನಿಂತು ತಲೆ ಓರೆ ಮಾಡಿ ಯೋಚಿಸುತ್ತಾಳಲ್ಲ, ಆಗ ಅವಸರ ಮಾಡಬೇಡಿ, ಕಾಯಿರಿ. ಹತ್ತು ನಿಮಿಷ ಹೀಗೆ ತಲೆ ಓಡಿಸಿದರೆ ತಾನಾಗೇ ಹೋಗಿ ಮಲಗುವ ನಾಯಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಆರೋಗ್ಯಕ್ಕೆ ಭಾರ ಅನ್ನಿಸಿದರೆ ಆಗ ಮಗನ ಜೊತೆ ಕೂತು ಮಾತಾಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ನನಗೆ ರಾತ್ರಿ ಪಾಳಿ. ಎದ್ದು ನಾಯಿಯನ್ನು ಹೊರಗೆ ಕರೆದೊಯ್ಯುವಾಗ ಬೆಳಿಗ್ಗೆ 11 ದಾಟಿರುತ್ತದೆ. ಬಿಸಿಲಲ್ಲಿ ಓಡಿಸಬಹುದಾ?

ಉತ್ತರ: ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದ ಅಡಿಯಲ್ಲಿ ಸ್ವಲ್ಪ, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಬಿಸಿ ಕಳೆದುಕೊಳ್ಳಬೇಕು. ಚುರುಕಿನ ನಾಯಿಗಳದ್ದು ಇನ್ನೂ ಕಷ್ಟ, ಸುಸ್ತಾದರೂ ನಿಲ್ಲುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಸಾಧಾರಣ ಸೆಕೆಯೂ ಜೀವಕ್ಕೆ ಬರಬಹುದು. ನಿಮ್ಮ ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿಯಿರಿ. ಏಳು ಸೆಕೆಂಡ್ ಇಡಲಾಗದಿದ್ದರೆ ಅವನ ಪಾದಕ್ಕೂ ಅದು ಸುಡುತ್ತದೆ.

ಓಟವನ್ನು ನೀವು ಕೆಲಸಕ್ಕೆ ಹೊರಡುವ ಮುಂಚೆ ಅಥವಾ ಬಂದು ಮಲಗುವ ಮುಂಚೆ ಇಟ್ಟುಕೊಳ್ಳಿ. ಹಗಲು ಐದು ನಿಮಿಷ ನೆರಳಲ್ಲಿ ಮೂತ್ರಕ್ಕೆ, ಉಳಿದದ್ದು ಮನೆಯೊಳಗೆ ಮೇಲೆ ಹೇಳಿದ ಹುಡುಕಾಟ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ಮುಟ್ಟಿದರೆ ಅಪಾಯ. ಜೋರು ಏದುಸಿರು, ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ ಕಂಡರೆ ತಕ್ಷಣ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಬಲವಂತವಾಗಿ ಬಾಯಿಗೆ ನೀರು ಹಾಕಬೇಡಿ. ಸ್ವಲ್ಪ ತಣ್ಣಗಾದ ಕೂಡಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಮ್ಮ ಬೀಗಲ್‌ ಅನ್ನು ಹಗ್ಗ ಬಿಚ್ಚಿ ಬಿಟ್ಟರೆ ಒಂದೇ ಓಟ, ಕರೆದರೂ ತಿರುಗಿ ನೋಡುವುದಿಲ್ಲ. ಕಟ್ಟಿಯೇ ಇಟ್ಟರೆ ಅದಕ್ಕೆ ವ್ಯಾಯಾಮ ಸಾಲುತ್ತದಾ?

ಉತ್ತರ: ಸಾಲುತ್ತದೆ. ಮೊಲದ ವಾಸನೆ ಹಿಡಿದು ಮೈಲಿಗಟ್ಟಲೆ ಹೋಗಲೆಂದೇ ಬೆಳೆಸಿದ ತಳಿ ಅದು. ವಾಸನೆ ಸಿಕ್ಕ ಮೇಲೆ ನಿಮ್ಮ ದನಿ ಅದಕ್ಕೆ ಕೇಳಿಸುವುದೇ ಇಲ್ಲ, ಬೈದು ಪ್ರಯೋಜನವಿಲ್ಲ. ಬೇಲಿ ಇರುವ ಜಾಗವಲ್ಲದೆ ಬೇರೆಲ್ಲೂ ಬಿಡಬೇಡಿ. ಹತ್ತು ಮೀಟರಿನ ಹಗ್ಗ ಕಟ್ಟಿ, ತಿನಿಸನ್ನು ನೆಲಕ್ಕೆ ಉಜ್ಜುತ್ತಾ ಒಂದು ಜಾಡು ಎಳೆದು ಅದರ ತುದಿಯಲ್ಲಿ ಏನಾದರೂ ಇಟ್ಟು ಬನ್ನಿ, ಆಮೇಲೆ ನಾಯಿಯನ್ನು ಜಾಡಿನ ಆರಂಭಕ್ಕೆ ತನ್ನಿ. ಓಡಿ ಹೋದದ್ದು ವಾಪಸ್ ಬಂದಾಗ ಮಾತ್ರ ಹೊಡೆಯಬೇಡಿ. ಬಂದದ್ದಕ್ಕೇ ಏಟು ಬಿತ್ತು ಅಂತ ಅದು ತಿಳಿಯುತ್ತದೆ.

ಪ್ರಶ್ನೆ: ಊಟವಾದ ತಕ್ಷಣ ನಮ್ಮ ಗ್ರೇಟ್ ಡೇನ್ ಮಕ್ಕಳ ಜೊತೆ ಜಿಗಿದು ಆಡುತ್ತದೆ. ತೊಂದರೆ ಇದೆಯಾ?

ಉತ್ತರ: ಇದೆ. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರವೇ ತಿರುಚಿಕೊಳ್ಳುವ ಅಪಾಯ ಉಂಟು, ಗ್ರೇಟ್ ಡೇನ್ ಅದರಲ್ಲಿ ಮೊದಲ ಸಾಲು. ಒಂದೇ ಸಲ ಹೊಟ್ಟೆ ತುಂಬಾ ಹಾಕದೆ ದಿನಕ್ಕೆ ಎರಡು ಮೂರು ಸಲ ಹಂಚಿ ಹಾಕಿ. ಊಟದ ಮುಂಚೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಜೋರಾಟ ಬೇಡ, ಮಕ್ಕಳಿಗೂ ಇದನ್ನು ಹೇಳಿಡಿ. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬಾರದೆ, ನಿಂತಲ್ಲಿ ಕೂತಲ್ಲಿ ಚಡಪಡಿಸಿದರೆ ಅದು ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಟುಬಿಡಿ. ಬೆಳಗಾಗಲಿ ಅಂತ ಕಾಯಬೇಡಿ.